ಪೆಟ್ಟಿ ವಿನ್: ಹೀತ್ ಬಯಲಿನ ಗಿಡ್ಡ ಮುಳ್ಳುಗಿಡವನ್ನು ಹುಡುಕಿ ಗುರುತಿಸುವ ಬಗೆ

ಮೊಣಕಾಲೆತ್ತರ ಬೆಳೆಯುವುದೇ ಹೆಚ್ಚು. ಬುಡದಲ್ಲಿ ಸೂಜಿಯಂಥ ಮುಳ್ಳು, ತುದಿಯಲ್ಲಿ ಪುಟ್ಟ ಹಳದಿ ಹೂ. ತೊಗರಿ, ಅವರೆ, ಬಟಾಣಿಗಳ ಕುಟುಂಬಕ್ಕೆ ಸೇರಿದ ಈ ಗಿಡವನ್ನು ಬ್ರಿಟನ್ನಿನಲ್ಲಿ ಪೆಟ್ಟಿ ವಿನ್ ಅಂತಲೂ ನೀಡಲ್ ವಿನ್ ಅಂತಲೂ ಕರೆಯುತ್ತಾರೆ. ಸಸ್ಯಶಾಸ್ತ್ರದ ಹೆಸರು ಜೆನಿಸ್ಟಾ ಆಂಗ್ಲಿಕಾ, 1753ರಲ್ಲಿ ಲಿನೇಯಸ್ ಕೊಟ್ಟದ್ದು. ಪಶ್ಚಿಮ ಯುರೋಪಿನ ಹೀತ್ ಬಯಲುಗಳು ಇದರ ತವರು. ಹೀತ್ ಅಂದರೆ ಹುಳಿಮಣ್ಣಿನ, ಸಾರವಿಲ್ಲದ, ಮರಗಳು ಅಪರೂಪವಾದ ನೆಲ. ಅಲ್ಲಿ ಹೆದರ್ ಎಂಬ ಕುರುಚಲು ಗಿಡ ಕಣ್ಣು ಹಾಯುವವರೆಗೂ ಹಾಸಿಕೊಂಡಿರುತ್ತದೆ.

ಇಂಗ್ಲೆಂಡ್, ನೆದರ್‌ಲ್ಯಾಂಡ್ಸ್, ಜರ್ಮನಿಗಳಲ್ಲಿ ನೆಲೆಸಿರುವ ಕನ್ನಡಿಗರು ಬಹಳ ಮಂದಿ ಇದ್ದಾರೆ. ವಾರಾಂತ್ಯಕ್ಕೆ ಮಕ್ಕಳನ್ನು ಕರೆದುಕೊಂಡು ಇಂಥ ಬಯಲುಗಳಲ್ಲಿ ನಡೆದಾಡುವವರೂ ಇದ್ದಾರೆ. ಆದರೆ ಈ ಗಿಡವನ್ನು ನೋಡಿದವರು ಕಡಿಮೆ. ಎದೆಯೆತ್ತರದ ಗಾರ್ಸ್ ಎಂಬ ಮುಳ್ಳುಪೊದೆ ಪಕ್ಕದಲ್ಲೇ ಹಳದಿ ಹೊದ್ದು ನಿಂತಿರುವಾಗ ಕಾಲಬುಡದ ಗಿಡ್ಡನ ಕಡೆ ಕಣ್ಣು ಹೋಗುವುದಿಲ್ಲ. ಹೋಗಬೇಕು ಅನ್ನುವುದು ನನ್ನ ಆಸೆ. ಇಂಗ್ಲೆಂಡಿನ ಸಸ್ಯಗಳ ಕೆಂಪು ಪಟ್ಟಿಯಲ್ಲಿ ಇದು ಅಪಾಯಕ್ಕೆ ತುತ್ತಾಗಬಲ್ಲ ಗಿಡಗಳ ಸಾಲಿನಲ್ಲಿದೆ. ಎಲ್ಲಿ ಇದೆ, ಎಲ್ಲಿ ಇಲ್ಲವಾಯಿತು ಎಂದು ತಿಳಿಯಬೇಕಾದರೆ ಬಗ್ಗಿ ನೋಡುವ ಕಣ್ಣುಗಳು ಬೇಕು. ಅದಕ್ಕೆ ಸಸ್ಯಶಾಸ್ತ್ರದ ಡಿಗ್ರಿ ಬೇಡ. ಒಂದು ಭೂತಗನ್ನಡಿ, ಸ್ವಲ್ಪ ತಾಳ್ಮೆ, ಮತ್ತು ಮುಂದೆ ಹೇಳುವ ಕ್ರಮ ಸಾಕು.

ಮೊದಲ ಹೆಜ್ಜೆ: ತಿಂಗಳು ಗೊತ್ತುಮಾಡಿಕೊಳ್ಳಿ

ಪೆಟ್ಟಿ ವಿನ್ ಹೂ ಬಿಡುವುದು ಏಪ್ರಿಲ್ ಕೊನೆಯಿಂದ ಜೂನ್‌ವರೆಗೆ. ಮೇ ತಿಂಗಳೇ ಅದರ ಸುಗ್ಗಿ. ಸ್ಕಾಟ್ಲೆಂಡಿನ ಕಡೆ ಹೋದಷ್ಟೂ ಸ್ವಲ್ಪ ತಡ. ಶಾಲೆಗೆ ಹೋಗುವ ಮಕ್ಕಳಿರುವ ಮನೆಯವರಿಗೆ ಇದು ಅನುಕೂಲವೇ, ಏಕೆಂದರೆ ಇಂಗ್ಲೆಂಡಿನ ಶಾಲೆಗಳಿಗೆ ಮೇ ಕೊನೆಯ ವಾರದ ಹೊತ್ತಿಗೆ ಹಾಫ್ ಟರ್ಮ್ ರಜೆ ಇರುತ್ತದೆ. ಹೂವಿಲ್ಲದ ಕಾಲದಲ್ಲಿ ಈ ಗಿಡವನ್ನು ಹುಡುಕುವುದು ಪಳಗಿದವರಿಗೂ ಕಷ್ಟ. ಕಂದು ಕಡ್ಡಿಗಳು ಹೆದರ್ ಗಿಡದ ಒಳಗೆ ಸೇರಿಹೋಗಿರುತ್ತವೆ, ಕೈಗೆ ಚುಚ್ಚಿದಾಗಲೇ ಗೊತ್ತಾಗುವುದು.

ತಿಂಗಳಿನಿಂದ ಇನ್ನೊಂದು ಲಾಭವಿದೆ. ಇದೇ ಬಯಲಿನಲ್ಲಿ ಬೆಳೆಯುವ ಇನ್ನೊಂದು ಗಿಡ್ಡ ಮುಳ್ಳುಗಿಡ ಡ್ವಾರ್ಫ್ ಗಾರ್ಸ್, ಅಂದರೆ ಯೂಲೆಕ್ಸ್ ಮೈನರ್. ಅದು ಹೂ ಬಿಡುವುದು ಜುಲೈನಿಂದ ಅಕ್ಟೋಬರ್‌ವರೆಗೆ. ಎರಡಕ್ಕೂ ಹಳದಿ ಹೂ, ಎರಡೂ ಕುಳ್ಳು, ಎರಡೂ ಮುಳ್ಳು. ಆದರೆ ಮೇ ತಿಂಗಳಲ್ಲಿ ಮೊಣಕಾಲಿಗಿಂತ ಕೆಳಗೆ ಹೂ ಕಂಡರೆ ಅದು ಡ್ವಾರ್ಫ್ ಗಾರ್ಸ್ ಆಗಿರುವ ಸಾಧ್ಯತೆ ತೀರಾ ಕಡಿಮೆ. ಅರ್ಧ ಗೊಂದಲ ಕ್ಯಾಲೆಂಡರ್ ನೋಡಿದರೇ ಕಳೆಯುತ್ತದೆ.

ಎರಡನೆಯದು: ಎಲ್ಲಿಗೆ ಹೋಗಬೇಕು

ಬ್ರಿಟನ್ನಿನಲ್ಲಿ ಈ ಗಿಡ ಚದುರಿದಂತೆ ಇದೆ: ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡಿನ ಪೂರ್ವ ಭಾಗ. ಐರ್ಲೆಂಡಿನಲ್ಲಿ ಇಲ್ಲ. ಮೊದಲ ಸಲ ಹುಡುಕುವವರಿಗೆ ನಾನು ಹೇಳುವುದು ಒಂದೇ ಹೆಸರು, ಹ್ಯಾಂಪ್‌ಶೈರಿನ ನ್ಯೂ ಫಾರೆಸ್ಟ್.

ಹೆಸರಿನಲ್ಲಿ ಕಾಡು ಇದ್ದರೂ ಅಲ್ಲಿ ಬಯಲೂ ಬೇಕಾದಷ್ಟಿದೆ. 1079ರ ಸುಮಾರಿಗೆ ರಾಜ ಒಂದನೆಯ ವಿಲಿಯಂ ಬೇಟೆಗೆಂದು ಕಾಯ್ದಿರಿಸಿಕೊಂಡ ಪ್ರದೇಶ ಅದು. 2005ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಸುತ್ತಲಿನ ಕೆಲವು ಮನೆ, ಹೊಲಗಳಿಗೆ ತಮ್ಮ ಕುದುರೆ, ದನಗಳನ್ನು ಅಲ್ಲಿ ಮೇಯಲು ಬಿಡುವ ಹಕ್ಕು ತಲೆತಲಾಂತರದಿಂದ ನಡೆದುಬಂದಿದೆ. ನಮ್ಮ ಊರಿನ ಗೋಮಾಳ ನೆನಪಾದರೆ ತಪ್ಪಿಲ್ಲ, ಆದರೆ ಇಲ್ಲಿ ಮೇಯಿಸುವ ಹಕ್ಕು ಇರುವುದು ಊರಿಗಲ್ಲ, ಗೊತ್ತಾದ ಆಸ್ತಿಗಳಿಗೆ. ಈ ಮೇವಿನ ಪದ್ಧತಿಯಿಂದಲೇ ಪೆಟ್ಟಿ ವಿನ್ ಅಲ್ಲಿ ಉಳಿದಿದೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಲಂಡನ್ನಿನ ವಾಟರ್‌ಲೂ ನಿಲ್ದಾಣದಿಂದ ಬ್ರಾಕೆನ್‌ಹರ್ಸ್ಟ್‌ಗೆ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ. ಅದೇ ಹಾದಿಯಲ್ಲಿ ಬ್ಯೂಲಿ ರೋಡ್ ಎಂಬ ಚಿಕ್ಕ ನಿಲ್ದಾಣವಿದೆ, ಇಳಿದರೆ ಎದುರಿಗೇ ಹೀತ್ ಬಯಲು. ಹುಡುಕಾಟ ಶುರುಮಾಡಲು ಒಳ್ಳೆಯ ಜಾಗ. ಆದರೆ ಅಲ್ಲಿ ನಿಲ್ಲುವ ರೈಲುಗಳು ಕಡಿಮೆ, ವಾಪಸು ಬರುವ ರೈಲಿನ ಸಮಯ ನೋಡಿಕೊಂಡೇ ಹೊರಡಿ. ಬರೆಯುವಾಗ ಬ್ಯೂಲಿ ಅಕ್ಷರಗಳು ಫ್ರೆಂಚ್ ಥರ ಇರುತ್ತವೆ, ಹೇಳುವುದು ಮಾತ್ರ ಬ್ಯೂಲಿ ಅಂತಲೇ. ಭೂಪಟ ಬೇಕಾದರೆ ಬ್ರಿಟನ್ನಿನ ಭೂಪಟ ಸಂಸ್ಥೆಯಾದ ಆರ್ಡ್‌ನನ್ಸ್ ಸರ್ವೆಯ ಎಕ್ಸ್‌ಪ್ಲೋರರ್ ಸರಣಿಯ ಓಎಲ್22 ತೆಗೆದುಕೊಳ್ಳಿ. ಬಯಲಿನಲ್ಲಿ ಮೊಬೈಲ್ ಸಿಗ್ನಲ್ ಎಲ್ಲ ಕಡೆ ಸಿಗುತ್ತದೆ ಎಂದು ನಂಬಬೇಡಿ.

ನೆದರ್‌ಲ್ಯಾಂಡ್ಸ್‌ನಲ್ಲಿ ಇರುವವರು ಸ್ಟೇಕೆಲ್‌ಬ್ರೆಮ್ ಎಂದು ಕೇಳಬೇಕು, ಡ್ರೆಂಥೆ ಪ್ರಾಂತ್ಯದ ಒದ್ದೆ ಹೀತ್‌ಗಳಿಂದ ಶುರುಮಾಡಬಹುದು. ಜರ್ಮನಿಯವರಿಗೆ ಲೂನೆಬುರ್ಗ್ ಹೀತ್ ಇದೆ, ಅಲ್ಲಿ ಇದರ ಹೆಸರು ಎಂಗ್ಲಿಷರ್ ಗಿನ್‌ಸ್ಟರ್. ಗುರುತಿಸುವ ಕ್ರಮ ಎಲ್ಲ ಕಡೆಗೂ ಒಂದೇ.

ಮೂರನೆಯದು: ಚೀಲ ಮತ್ತು ಉಡುಪು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈ ಭೂತಗನ್ನಡಿ, ಮಿಲಿಮೀಟರ್ ಗೆರೆಗಳಿರುವ ಚಿಕ್ಕ ಸ್ಕೇಲ್, ಒಂದು 5 ಪೆನ್ಸ್ ನಾಣ್ಯ. ನಾಣ್ಯದ ಅಡ್ಡಳತೆ 18 ಮಿಲಿಮೀಟರ್, ಫೋಟೊದಲ್ಲಿ ಅಳತೆಗೆ ಒದಗುತ್ತದೆ. ಕಣಕಾಲು ಮುಚ್ಚುವ ಗಟ್ಟಿ ಬೂಟು, ಉದ್ದ ಪ್ಯಾಂಟು, ಅದರ ಮೇಲೆ ಎಳೆದುಕೊಂಡ ಕಾಲುಚೀಲ. ಬಿಸಿಲಿದ್ದರೂ ಚಡ್ಡಿ ಬೇಡ. ಉಣ್ಣೆಗಳಿಂದ, ಅಂದರೆ ಟಿಕ್ ಎಂಬ ರಕ್ತ ಹೀರುವ ಹುಳಗಳಿಂದ, ಲೈಮ್ ಕಾಯಿಲೆ ಹರಡುತ್ತದೆ. ಮನೆಗೆ ಬಂದ ಮೇಲೆ ಮೊಣಕಾಲ ಹಿಂದೆ, ತೊಡೆಸಂದಿ, ಕಂಕುಳ, ಮಕ್ಕಳಾದರೆ ಕೂದಲಂಚು ಎಲ್ಲ ನೋಡಬೇಕು. ಕಚ್ಚಿಕೊಂಡಿದ್ದರೆ ಚೂಪು ತುದಿಯ ಚಿಮುಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ನೇರವಾಗಿ ಮೇಲಕ್ಕೆ ಎಳೆಯಿರಿ. ಮುಂದಿನ ವಾರಗಳಲ್ಲಿ ಆ ಜಾಗದ ಸುತ್ತ ಹರಡುವ ಕೆಂಪು ಕಲೆ ಅಥವಾ ಜ್ವರ ಕಂಡರೆ ಜಿಪಿಗೆ, ಅಂದರೆ ನಿಮ್ಮ ಬಡಾವಣೆಯ ವೈದ್ಯರಿಗೆ, ತೋರಿಸಿ, ಉಣ್ಣೆ ಕಚ್ಚಿತ್ತು ಎಂದು ಬಾಯಿಬಿಟ್ಟು ಹೇಳಿ.

ಹಾವಿನ ಭಯ ಇರುವವರಿಗೆ ಒಂದು ಮಾತು. ಬ್ರಿಟನ್ನಿನಲ್ಲಿ ವಿಷದ ಹಾವು ಎಂದರೆ ಆ್ಯಡರ್ ಒಂದೇ, ಮತ್ತು ಹೀತ್ ಬಯಲು ಅದಕ್ಕೆ ಇಷ್ಟದ ಜಾಗ. ಬೆನ್ನ ಮೇಲೆ ಅಂಕುಡೊಂಕು ಪಟ್ಟೆ ಇರುತ್ತದೆ. ತುಳಿಯದೆ, ಹಿಡಿಯಲು ಹೋಗದೆ ಇದ್ದರೆ ಅದು ತಾನಾಗಿ ಸರಿದುಹೋಗುತ್ತದೆ. ಗಿಡದ ಬುಡ ನೋಡಲು ಕೈ ಹಾಕುವ ಮೊದಲು ಕಣ್ಣು ಹಾಕಿ.

ನಾಲ್ಕನೆಯದು: ನೆಲವನ್ನು ಓದುವುದು

ಇಡೀ ಬಯಲನ್ನು ಅಡ್ಡಾದಿಡ್ಡಿ ತಿರುಗಿದರೆ ಸುಸ್ತಾಗುತ್ತದೆಯೇ ಹೊರತು ಗಿಡ ಸಿಗುವುದಿಲ್ಲ. ಎಲ್ಲಿ ಇರಬಹುದು ಎನ್ನುವುದನ್ನು ನೆಲವೇ ಹೇಳುತ್ತದೆ.

ದಿಣ್ಣೆಯ ಮೇಲಿನ ಒಣ ಮರಳು ನೆಲದಲ್ಲಿ ಸಾಮಾನ್ಯ ಹೆದರ್ ಮತ್ತು ಬೆಲ್ ಹೆದರ್ ಇರುತ್ತವೆ. ತಗ್ಗಿನಲ್ಲಿ ಸ್ಫ್ಯಾಗ್ನಮ್ ಪಾಚಿಯ ಜೌಗು. ಪೆಟ್ಟಿ ವಿನ್‌ಗೆ ಬೇಕಾದದ್ದು ಇವೆರಡರ ನಡುವಿನ ಪಟ್ಟಿ: ಚಳಿಗಾಲದಲ್ಲಿ ಒದ್ದೆ, ಬೇಸಿಗೆಯಲ್ಲಿ ತೇವ, ಆದರೆ ನೀರು ನಿಲ್ಲದ ನೆಲ. ಆ ಪಟ್ಟಿಯನ್ನು ಗುರುತಿಸಲು ಅದರ ಜೊತೆಗಾರರನ್ನು ಹುಡುಕಿ. ಕ್ರಾಸ್ ಲೀವ್ಡ್ ಹೀತ್ ಎಂಬ ಗಿಡಕ್ಕೆ ಕಾಂಡದ ಸುತ್ತ ನಾಲ್ಕು ನಾಲ್ಕು ಎಲೆ, ನೋಡಿದರೆ ಕೂಡುವ ಚಿಹ್ನೆಯಂತೆ. ಅದರ ನಸುಗೆಂಪು ಗಂಟೆ ಹೂ ಜೂನ್ ಆದಮೇಲೆ ಬರುತ್ತದೆ, ಮೇ ತಿಂಗಳಲ್ಲಿ ಎಲೆಯನ್ನೇ ನೋಡಬೇಕು. ಪರ್ಪಲ್ ಮೂರ್ ಗ್ರಾಸ್ ಎಂಬ ಹುಲ್ಲು ಮಂಡೆಮಂಡೆಯಾಗಿ ನಿಂತಿರುತ್ತದೆ. ಟಾರ್ಮೆಂಟಿಲ್‌ಗೆ ನಾಲ್ಕು ದಳದ ಚಿಕ್ಕ ಹಳದಿ ಹೂ. ಅದೂ ಹಳದಿಯೇ ಆದ್ದರಿಂದ ದೂರದಿಂದ ಮೋಸ ಮಾಡುತ್ತದೆ, ಹತ್ತಿರ ಹೋದರೆ ಒಂದು ಕ್ಷಣವೂ ಅನುಮಾನ ಉಳಿಯುವುದಿಲ್ಲ. ಸನ್‌ಡ್ಯೂ ಎಂಬ ಕೀಟಾಹಾರಿ ಗಿಡದ ಕೆಂಪು ಅಂಟು ಎಲೆಗಳು ಕಾಣಿಸಿದರೆ ನೀವು ತುಸು ಹೆಚ್ಚೇ ಕೆಳಗೆ ಇಳಿದಿದ್ದೀರಿ, ಹತ್ತಿಪ್ಪತ್ತು ಹೆಜ್ಜೆ ಮೇಲಕ್ಕೆ ಬನ್ನಿ. ಕಣ್ಣು ಕುಕ್ಕುವ ಹಸಿರಿನ ಪಾಚಿ ಹಾಸಿದ ಕಡೆ ಕಾಲಿಡಲೇಬೇಡಿ, ಅದರ ಆಳ ಮೇಲಿನಿಂದ ತಿಳಿಯುವುದಿಲ್ಲ.

ಇನ್ನೊಂದು ಸುಳಿವು ಮೇವು. ಹುಲ್ಲು, ಹೆದರ್ ಎರಡೂ ಮೊಟುಕಾಗಿ, ಕುದುರೆಗಳ ಹೆಜ್ಜೆದಾರಿ ಅಲ್ಲಲ್ಲಿ ಸೀಳಿಕೊಂಡು ಹೋಗಿರುವ ಕಡೆ ನಿಧಾನಕ್ಕೆ ನಡೆಯಿರಿ. ಈ ಗಿಡ ಎತ್ತರದ ಪೈಪೋಟಿಯಲ್ಲಿ ಯಾವತ್ತೂ ಸೋಲುವಂಥದ್ದು. ದನ, ಕುದುರೆಗಳು ಮೇಯುವುದು ನಿಂತರೆ ಹುಲ್ಲು ದಟ್ಟವಾಗುತ್ತದೆ, ಹೆದರ್ ಮೊಣಕಾಲು ದಾಟುತ್ತದೆ, ಗಾರ್ಸ್, ಬರ್ಚ್, ಪೈನ್ ಸಸಿಗಳು ಏಳುತ್ತವೆ. ಬಿಸಿಲು ಸಿಗದ ಪೆಟ್ಟಿ ವಿನ್ ಯಾರೂ ಕಿತ್ತುಹಾಕದೆಯೇ ಇಲ್ಲವಾಗುತ್ತದೆ. 1800ರಿಂದೀಚೆಗೆ ಇಂಗ್ಲೆಂಡಿನ ತಗ್ಗುಪ್ರದೇಶದ ಹೀತ್‌ಗಳಲ್ಲಿ 80%ಕ್ಕಿಂತ ಹೆಚ್ಚು ಹೋಗಿಬಿಟ್ಟಿವೆ: ಉತ್ತರು, ಕಟ್ಟಡ ಕಟ್ಟಿದರು, ಕಾಲುವೆ ತೋಡಿ ನೀರು ಬಸಿದರು, ದಿಮ್ಮಿಗೆಂದು ಪೈನ್ ನೆಟ್ಟರು. ಉಳಿದ ತುಣುಕುಗಳಲ್ಲೂ ಮೇಯಿಸುವವರಿಲ್ಲದೆ ನೆರಳು ಕವಿಯುತ್ತಿದೆ. ಕಾಡು ಬೆಳೆದರೆ ಒಳ್ಳೆಯದೇ ಎಂದು ನಂಬಿ ಬೆಳೆದ ನಮಗೆ ಇದನ್ನು ಒಪ್ಪುವುದು ಕಷ್ಟ, ಆದರೆ ಈ ನೆಲದಲ್ಲಿ ಮರವೇ ಅತಿಕ್ರಮಣಕಾರ.

ಸಾರವಿಲ್ಲದ ನೆಲದಲ್ಲಿ ಇದು ಹೇಗೆ ಬದುಕುತ್ತದೆ ಎಂದರೆ, ನಮ್ಮ ತೊಗರಿ, ಕಡಲೆಗಳ ಬೇರಿನ ಗಂಟುಗಳಲ್ಲಿ ಇರುವಂತೆ ಇದರ ಬೇರಿನಲ್ಲೂ ಗಾಳಿಯ ಸಾರಜನಕ ಹಿಡಿದುಕೊಡುವ ಬ್ಯಾಕ್ಟೀರಿಯಾಗಳಿವೆ. ಅದೇ ಕಾರಣಕ್ಕೆ ಗೊಬ್ಬರ ಬಿದ್ದ ನೆಲದಲ್ಲಿ ಇದಕ್ಕೆ ಏನೂ ಲಾಭವಿಲ್ಲ. ಅಲ್ಲಿ ಹುಲ್ಲು ಗೆಲ್ಲುತ್ತದೆ.

ಐದನೆಯದು: ಬುಡದಿಂದ ತುದಿಗೆ ನೋಡಿ

ಹಳದಿ ಚುಕ್ಕೆ ಕಂಡಿತು, ಬಗ್ಗಿದಿರಿ. ಈಗ ಹೂವಿನಿಂದ ಶುರುಮಾಡುವ ಆಸೆ ತಡೆದುಕೊಂಡು ಬುಡದಿಂದ ಮೇಲಕ್ಕೆ ಬನ್ನಿ. ಈ ಕ್ರಮಕ್ಕೆ ಕಾರಣವಿದೆ: ಹಳದಿ ಬಟಾಣಿ ಹೂ ಈ ಬಯಲಿನಲ್ಲಿ ಹಲವು ಗಿಡಗಳಿಗೆ ಇದೆ, ಮುಳ್ಳು ಮತ್ತು ಎಲೆ ಎರಡೂ ಹೀಗೆ ಇರುವುದು ಇದಕ್ಕೊಂದಕ್ಕೇ.

ಕಾಂಡ ಸಪೂರ, ಕಂದು, ಬಾಗಿಕೊಂಡು ಹೆದರ್ ನಡುವೆ ತೂರಿಕೊಂಡಿರುತ್ತದೆ. ಒಟ್ಟು ಎತ್ತರ ಸಾಮಾನ್ಯವಾಗಿ 50 ಸೆಂಟಿಮೀಟರ್ ಒಳಗೆ. ಹಳೆಯ ಕಾಂಡದ ಮೇಲೆ 1ರಿಂದ 2 ಸೆಂಟಿಮೀಟರ್ ಉದ್ದದ ಒಂಟಿ ಮುಳ್ಳುಗಳು. ಅವು ಕವಲುಗಳೇ ಚೂಪಾಗಿ ಆದ ಮುಳ್ಳುಗಳು. ಈ ವರ್ಷದ ಎಳೆ ರೆಂಬೆಗಳಲ್ಲಿ, ಹೂ ಬಿಟ್ಟ ತುದಿಗಳಲ್ಲಿ ಮುಳ್ಳು ಇರುವುದಿಲ್ಲ. ಅಂದರೆ ತುದಿಯನ್ನು ಮುಟ್ಟಿದರೆ ಮೆತ್ತಗೆ, ಬುಡಕ್ಕೆ ಬೆರಳು ಹಾಕಿದರೆ ಚುಚ್ಚು. ಗಾರ್ಸ್ ಜಾತಿಗಳಲ್ಲಿ ಹೀಗಿಲ್ಲ, ತುದಿಯಿಂದ ಬುಡದವರೆಗೂ ಮುಳ್ಳೇ ಮುಳ್ಳು. ಅಪರೂಪಕ್ಕೆ ಮುಳ್ಳೇ ಇಲ್ಲದ ಪೆಟ್ಟಿ ವಿನ್ ಕೂಡ ಸಿಗುವುದುಂಟು, ಆದ್ದರಿಂದ ಮುಳ್ಳು ಕಾಣಲಿಲ್ಲವೆಂದು ಕೈಬಿಡಬೇಡಿ, ಮುಂದಿನ ಗುರುತುಗಳನ್ನೂ ನೋಡಿ.

ಎಲೆ ನನ್ನ ಪಾಲಿಗೆ ಎಲ್ಲಕ್ಕಿಂತ ನಂಬಿಕಸ್ತ ಗುರುತು. ನಿಜವಾದ, ಬಿಡಿಬಿಡಿಯಾದ, ಚಪ್ಪಟೆ ಎಲೆಗಳು ಇರುತ್ತವೆ. ಉದ್ದ ಹೆಚ್ಚೆಂದರೆ 1 ಸೆಂಟಿಮೀಟರ್, ಅಂಡಾಕಾರದಿಂದ ಈಟಿಯಾಕಾರ, ಬೂದಿ ಬೆರೆತ ನೀಲಿಹಸಿರು ಬಣ್ಣ. ರೋಮವಿಲ್ಲ, ನಯ. ಗಾರ್ಸ್‌ನ ಬೆಳೆದ ಗಿಡದಲ್ಲಿ ಇಂಥ ಎಲೆ ಸಿಗುವುದೇ ಇಲ್ಲ. ಅದರ ಮೊಳಕೆಯಲ್ಲಿ ಮಾತ್ರ ಮೂರೆಲೆ ಇರುತ್ತದೆ, ಬೆಳೆಯುತ್ತ ಎಲೆಗಳು ಮುಳ್ಳಾಗಿ ಇಲ್ಲವೇ ಸಣ್ಣ ಹೊಪ್ಪಳೆಯಾಗಿ ಹೋಗುತ್ತವೆ.

ಈಗ ಹೂ. ತೊಗರಿ ಹೂವನ್ನು ಬಿಡಿಸಿ ನೋಡಿದವರಿಗೆ ಇದರ ರಚನೆ ಹೊಸದಲ್ಲ: ಮೇಲೆ ಧ್ವಜದಂತೆ ನಿಂತ ದಳ ಒಂದು, ಎರಡು ಪಕ್ಕಕ್ಕೆ ರೆಕ್ಕೆ ದಳಗಳು, ಕೆಳಗೆ ಎರಡು ದಳ ಕೂಡಿ ಆದ ದೋಣಿ. ಪೆಟ್ಟಿ ವಿನ್‌ನಲ್ಲಿ ಇಡೀ ಹೂ 7ರಿಂದ 10 ಮಿಲಿಮೀಟರ್, 5 ಪೆನ್ಸ್ ನಾಣ್ಯದ ಅರ್ಧದಷ್ಟು. ಭೂತಗನ್ನಡಿ ಹಿಡಿದು ಎರಡು ಸಂಗತಿ ನೋಡಿ. ಧ್ವಜದ ದಳ ದೋಣಿಗಿಂತ ಗಿಡ್ಡ. ಮತ್ತು ಹೂವಿನ ಬುಡದ ಪುಷ್ಪಪಾತ್ರೆ, ಅಂದರೆ ದಳಗಳನ್ನು ಹಿಡಿದಿರುವ ಬಟ್ಟಲು, ಚಿಕ್ಕದು, ಹಸಿರು, ರೋಮವಿಲ್ಲದ್ದು. ಗಾರ್ಸ್‌ನಲ್ಲಿ ಈ ಬಟ್ಟಲೇ ಹಳದಿ, ರೋಮ ಕವಿದದ್ದು, ಬಹುತೇಕ ಹೂವಿನಷ್ಟೇ ಉದ್ದ, ಎರಡು ತುಟಿಗಳಾಗಿ ಸೀಳಿದ್ದು. ಬಟ್ಟಲು ಹಸಿರೋ ಹಳದಿಯೋ ಎಂಬ ಈ ಒಂದು ಪರೀಕ್ಷೆಯಲ್ಲಿ ಮಕ್ಕಳು ದೊಡ್ಡವರನ್ನು ಹಿಂದೆ ಹಾಕುತ್ತಾರೆ.

ಕೆಲವು ಹೂಗಳಲ್ಲಿ ದೋಣಿ ಮತ್ತು ರೆಕ್ಕೆಗಳು ಕೆಳಕ್ಕೆ ಜೋತುಬಿದ್ದು ಕೇಸರಗಳು ಹೊರಗೆ ಚಾಚಿಕೊಂಡಿರುವುದು ಕಾಣಬಹುದು. ಅದು ರೋಗವಲ್ಲ, ಜೇನ್ನೊಣ ಬಂದುಹೋದ ಗುರುತು. ಈ ಜೆನಿಸ್ಟಾ ಕುಲದ ಹೂಗಳಲ್ಲಿ ದೋಣಿಯ ಒಳಗೆ ಕೇಸರಗಳು ಬಿಗಿಯಾಗಿ ಮಡಚಿಕೊಂಡಿರುತ್ತವೆ. ನೊಣದ ಭಾರ ಬಿದ್ದ ಕೂಡಲೇ ದೋಣಿ ಬಾಯ್ಬಿಟ್ಟು ಪರಾಗ ಚಿಮ್ಮುತ್ತದೆ, ಮತ್ತೆ ಮೊದಲಿನ ಸ್ಥಿತಿಗೆ ಬರುವುದಿಲ್ಲ. ತಾಳ್ಮೆಯಿಂದ ಒಂದು ಹೂವಿನ ಮುಂದೆ ಕುಳಿತರೆ ಅದು ಆಗುವುದನ್ನು ಕಣ್ಣಾರೆ ನೋಡಬಹುದು. ಬಯಲಿನಲ್ಲಿ ಅಷ್ಟು ಹೊತ್ತು ಸುಮ್ಮನೆ ಕೂರಲು ಇಷ್ಟು ಒಳ್ಳೆಯ ಕಾರಣ ನನಗೆ ಬೇರೆ ಗೊತ್ತಿಲ್ಲ.

ಜುಲೈ ಹೊತ್ತಿಗೆ ಹೋದರೆ ಕಾಯಿ ಸಿಗುತ್ತದೆ: 12ರಿಂದ 20 ಮಿಲಿಮೀಟರ್, ಉಬ್ಬಿದ್ದು, ನಯ, ಎರಡೂ ತುದಿ ಚೂಪು. ರೋಮವಿರುವ ಕಾಯಿ ಕಂಡರೆ ಅದು ಗಾರ್ಸ್.

ಆರನೆಯದು: ಹೋಲುವ ನೆಂಟರು

ಸಾಮಾನ್ಯ ಗಾರ್ಸ್, ಅಂದರೆ ಯೂಲೆಕ್ಸ್ ಯೂರೋಪಿಯಸ್, ಆಳೆತ್ತರಕ್ಕೂ ಬೆಳೆಯುತ್ತದೆ, ಹೂವಿಗೆ ತೆಂಗಿನಕಾಯಿಯ ಪರಿಮಳ, ವರ್ಷವಿಡೀ ಅಲ್ಲೊಂದು ಇಲ್ಲೊಂದು ಹೂ ಇದ್ದೇ ಇರುತ್ತದೆ. ಅದನ್ನು ಪೆಟ್ಟಿ ವಿನ್ ಎಂದು ತಪ್ಪು ತಿಳಿಯುವ ಸಂಭವ ಇರುವುದು ಕುದುರೆ ಮೇದು ಮೊಟುಕಾಗಿಸಿದಾಗ ಮಾತ್ರ. ನ್ಯೂ ಫಾರೆಸ್ಟಿನ ಕುದುರೆಗಳು ಚಳಿಗಾಲದಲ್ಲಿ ಗಾರ್ಸ್ ಮುಳ್ಳನ್ನೂ ಬಿಡುವುದಿಲ್ಲ. ಆಗ ಎಲೆ ಮತ್ತು ಹೂಬಟ್ಟಲಿನ ಪರೀಕ್ಷೆಯೇ ಗತಿ.

ನಿಜವಾದ ತೊಡಕು ಡ್ವಾರ್ಫ್ ಗಾರ್ಸ್ ಜೊತೆಗೆ. ಅದೂ ಇದೇ ಬಯಲಿನದು, ಆಗ್ನೇಯ ಇಂಗ್ಲೆಂಡಿನಿಂದ ನ್ಯೂ ಫಾರೆಸ್ಟ್, ಡಾರ್ಸೆಟ್‌ವರೆಗೆ ಹೆದರ್ ನಡುವೆ ಹರಡಿದೆ. ಮುಳ್ಳು ಸಾಮಾನ್ಯ ಗಾರ್ಸ್‌ನದಕ್ಕಿಂತ ಮೆತ್ತಗೆ, ಗಿಡ ಪೂರ್ತಿ ಹಸಿರು ಮುಳ್ಳಿನ ರಾಶಿ, ಎಲೆ ಇಲ್ಲ. ಡಾರ್ಸೆಟ್‌ನಿಂದ ಪಶ್ಚಿಮಕ್ಕೆ, ಡೆವನ್, ಕಾರ್ನ್‌ವಾಲ್, ವೇಲ್ಸ್ ಕಡೆ ಅದರ ಜಾಗದಲ್ಲಿ ವೆಸ್ಟರ್ನ್ ಗಾರ್ಸ್ ಬರುತ್ತದೆ. ಇವೆರಡನ್ನೂ ಬೇರೆ ಮಾಡಲು ಹೂಬಟ್ಟಲಿನ ಉದ್ದ ಅಳೆಯಬೇಕು. ಡ್ವಾರ್ಫ್‌ನಲ್ಲಿ 9 ಮಿಲಿಮೀಟರ್‌ನ ಆಸುಪಾಸಿಗಿಂತ ಕಡಿಮೆ, ವೆಸ್ಟರ್ನ್‌ನಲ್ಲಿ ಅದಕ್ಕಿಂತ ಹೆಚ್ಚು. ಒಂದೇ ಹೂ ಅಳೆದು ತೀರ್ಮಾನಿಸದೆ ಹಲವನ್ನು ಅಳೆಯಿರಿ. ಸಾಮಾನ್ಯ ಗಾರ್ಸ್ ಹೌದೋ ಅಲ್ಲವೋ ಎಂದು ತಿಳಿಯಲು ಬಟ್ಟಲಿನ ಬುಡದಲ್ಲಿರುವ ಎರಡು ಪುಟ್ಟ ಪತ್ರಕಗಳನ್ನು, ಅಂದರೆ ಎಲೆಯಂಥ ಚೂರುಗಳನ್ನು, ನೋಡಿ. ಸಾಮಾನ್ಯ ಗಾರ್ಸ್‌ನಲ್ಲಿ ಅವು ಹೂತೊಟ್ಟಿಗಿಂತ ಎರಡು ಪಟ್ಟಾದರೂ ಅಗಲ, ಬರಿಗಣ್ಣಿಗೆ ಕಾಣುತ್ತವೆ. ಗಿಡ್ಡ ಜಾತಿಗಳಲ್ಲಿ ಹುಡುಕಬೇಕಾಗುತ್ತದೆ.

ಡೈಯರ್ಸ್ ಗ್ರೀನ್‌ವೀಡ್ ಪೆಟ್ಟಿ ವಿನ್‌ನ ಹತ್ತಿರದ ಸಂಬಂಧಿ, ಹಿಂದೆ ಬಟ್ಟೆಗೆ ಹಳದಿ ಬಣ್ಣ ಕೊಡಲು ಬಳಸುತ್ತಿದ್ದರು. ಅದಕ್ಕೆ ಮುಳ್ಳಿಲ್ಲ, ಎಲೆ ದೊಡ್ಡದು, ಹೂ ಬಿಡುವುದು ಬೇಸಿಗೆ ನಡುವೆ. ಮುಳ್ಳಿರುವ ರೆಸ್ಟ್‌ಹ್ಯಾರೋಗೆ ಹೂ ಗುಲಾಬಿ ಬಣ್ಣ, ಅದರ ಬಗ್ಗೆ ಇಷ್ಟೇ ಸಾಕು.

ಏಳನೆಯದು: ನಡೆನುಡಿ

ಗಿಡವನ್ನು ಕೀಳಬೇಡಿ. 1981ರ ವೈಲ್ಡ್‌ಲೈಫ್ ಆ್ಯಂಡ್ ಕಂಟ್ರಿಸೈಡ್ ಕಾಯ್ದೆಯ ಪ್ರಕಾರ ಜಮೀನಿನ ಒಡೆಯರ ಅನುಮತಿಯಿಲ್ಲದೆ ಬ್ರಿಟನ್ನಿನಲ್ಲಿ ಯಾವ ಕಾಡುಗಿಡವನ್ನೂ ಬೇರುಸಮೇತ ತೆಗೆಯುವುದು ಅಪರಾಧ. ಕಾನೂನು ಹಾಗಿರಲಿ, ಇಷ್ಟು ಕಡಿಮೆಯಾಗುತ್ತಿರುವ ಗಿಡದ ಒಂದು ರೆಂಬೆಯನ್ನೂ ಮುರಿಯುವ ಅಗತ್ಯ ಗುರುತಿಸುವ ಕೆಲಸಕ್ಕೆ ಇಲ್ಲ. ಪೂಜೆಗೋ ಮುಡಿಯಲಿಕ್ಕೋ ಹೂ ಕೊಯ್ಯುವ ಕೈ ನಮ್ಮದು, ಇಲ್ಲಿ ಅದನ್ನು ಹಿಂದಕ್ಕೆ ಇಟ್ಟುಕೊಳ್ಳೋಣ. ಈ ಬಳಗದ ಗಿಡಗಳಲ್ಲಿ ಸೈಟಿಸಿನ್‌ನಂಥ ವಿಷದ ಅಂಶಗಳಿವೆ, ಆದ್ದರಿಂದ ಅವರೆಯ ನೆಂಟ ಎಂದು ಕಾಯಿಯನ್ನು ಬಾಯಿಗೆ ಹಾಕುವ ಪ್ರಯೋಗ ಬೇಡವೇ ಬೇಡ. ಮಕ್ಕಳಿಗೆ ಮೊದಲೇ ಹೇಳಿಡಿ.

ಮಾರ್ಚ್‌ನಿಂದ ಜುಲೈವರೆಗೆ ಈ ಬಯಲಿನಲ್ಲಿ ಹಕ್ಕಿಗಳು ನೆಲದ ಮೇಲೆಯೇ ಮೊಟ್ಟೆ ಇಡುತ್ತವೆ: ಕರ್ಲ್ಯೂ, ಲ್ಯಾಪ್‌ವಿಂಗ್, ನೈಟ್‌ಜಾರ್. ಪೆಟ್ಟಿ ವಿನ್ ಹೂ ಬಿಡುವ ಕಾಲವೂ ಅದೇ ಆದ್ದರಿಂದ ದಾರಿ ಬಿಟ್ಟು ಒಳನುಗ್ಗದೆ, ದಾರಿಯಂಚನ್ನೇ ಹುಡುಕುವುದು ಉತ್ತಮ. ಹುಲ್ಲು ಮೊಟುಕಾದ ದಾರಿಯಂಚೇ ಈ ಗಿಡಕ್ಕೂ ಇಷ್ಟ, ಹಾಗಾಗಿ ನಷ್ಟವೇನಿಲ್ಲ. ನಾಯಿ ಇದ್ದರೆ ಹಗ್ಗ ಬಿಚ್ಚಬೇಡಿ. ಕುದುರೆಗಳಿಗೆ ಚಪಾತಿ, ಕ್ಯಾರೆಟ್ ಏನನ್ನೂ ಕೊಡಬೇಡಿ, ಮುಟ್ಟಲೂ ಬೇಡಿ. ಅವುಗಳಿಗೆ ಒಡೆಯರಿದ್ದಾರೆ, ತಿನಿಸಿನ ರುಚಿ ಹತ್ತಿದ ಕುದುರೆ ರಸ್ತೆಗೆ ಬಂದು ಕಾರಿಗೆ ಸಿಗುತ್ತದೆ.

ಮನೆಯಲ್ಲಿ ಬೆಳೆಸಬಹುದೇ?

ಬ್ರಿಟನ್ನಿನಲ್ಲಿ ಇರುವವರು ಬೆಳೆಸಬಹುದು, ಆದರೆ ಬೀಜವನ್ನು ಬಯಲಿನಿಂದ ತರದೆ ದೇಶಿ ಸಸ್ಯಗಳನ್ನು ಮಾರುವ ನರ್ಸರಿಯಿಂದ ತನ್ನಿ. ಬೀಜದ ಸಿಪ್ಪೆ ಗಟ್ಟಿ, ಸ್ಯಾಂಡ್‌ಪೇಪರ್ ಮೇಲೆ ಹಗುರವಾಗಿ ಉಜ್ಜಿ ಒಂದು ರಾತ್ರಿ ನೀರಿನಲ್ಲಿ ನೆನೆಸಿ ಬಿತ್ತಿದರೆ ಮೊಳಕೆ ಬೇಗ ಬರುತ್ತದೆ. ಮಣ್ಣು ಹುಳಿಯಾಗಿರಬೇಕು, ಸುಣ್ಣದ ಅಂಶ ಇರಬಾರದು. ಲಂಡನ್ನಿನ ನಲ್ಲಿನೀರು ಗಡಸು, ಅದರ ಬದಲು ಮಳೆನೀರು ಹಾಕಿ. ಪೂರ್ತಿ ಬಿಸಿಲು ಬೇಕು. ಗೊಬ್ಬರ ಬೇಡ. ಬೇರು ಕದಲಿಸುವುದನ್ನು ಈ ಕುಟುಂಬದ ಪೊದೆಗಳು ಸಹಿಸುವುದಿಲ್ಲ, ಆದ್ದರಿಂದ ಆಳವಾದ ಕುಂಡದಲ್ಲಿ ಬಿತ್ತಿ, ಚಿಕ್ಕದಿರುವಾಗಲೇ ಕಾಯಂ ಜಾಗಕ್ಕೆ ಇಳಿಸಿ. ಹೀಗೆ ಬೆಳೆಸಿದ ಗಿಡವನ್ನು ಒಳ್ಳೆಯ ಮನಸ್ಸಿನಿಂದಲೇ ಆದರೂ ಬಯಲಿಗೆ ಒಯ್ದು ನೆಡಬೇಡಿ. ಯಾವ ಗಿಡ ತಾನಾಗಿ ಬಂದದ್ದು, ಯಾವುದು ನೆಟ್ಟದ್ದು ಎನ್ನುವ ಲೆಕ್ಕವೇ ಕೆಡುತ್ತದೆ.

ಭಾರತಕ್ಕೆ ಬೀಜ ತರುವ ಯೋಚನೆ ಮಾತ್ರ ಬಿಟ್ಟುಬಿಡಿ. ಹೊರದೇಶದ ಬೀಜ, ಸಸಿಗಳಿಗೆ 2003ರ ಪ್ಲಾಂಟ್ ಕ್ವಾರಂಟೈನ್ ಆದೇಶದ ಪ್ರಕಾರ ಅನುಮತಿ ಪತ್ರ ಬೇಕು. ಅದಕ್ಕೆ ಮಿಗಿಲಾಗಿ, ಗುಂಡ್ಲುಪೇಟೆ ದಾಟಿ ಬಂಡೀಪುರದ ಮೇಲೆ ಊಟಿಗೆ ಹೋದವರು ಇದರ ಪಾಠವನ್ನು ಕಣ್ಣೆದುರೇ ನೋಡಿರಬಹುದು. ಬ್ರಿಟಿಷರ ಕಾಲದಲ್ಲಿ ನೀಲಗಿರಿಗೆ ಬಂದ ಸಾಮಾನ್ಯ ಗಾರ್ಸ್ ಮತ್ತು ಅದರ ನೆಂಟ ಸ್ಕಾಚ್ ಬ್ರೂಮ್ ಅಲ್ಲಿನ ಶೋಲಾ ಹುಲ್ಲುಗಾವಲುಗಳನ್ನು ಆಕ್ರಮಿಸಿವೆ. ಗಾರ್ಸ್ ಬೀಜ ಮಣ್ಣಿನಲ್ಲಿ ದಶಕಗಟ್ಟಲೆ ಜೀವ ಹಿಡಿದು ಕಾಯುತ್ತದೆ. ಪೊದೆ ಕಡಿದರೆ ಬುಡದಿಂದ ಚಿಗುರುತ್ತದೆ, ಸುಟ್ಟರೆ ಬೀಜ ಮೊಳೆಯುತ್ತದೆ. ನಡೆದಾಡಿದ ಬೂಟಿನ ಮಣ್ಣನ್ನು ತೊಳೆದೇ ಊರಿಗೆ ವಿಮಾನ ಹತ್ತಿ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಕೊನೆಯ ಹೆಜ್ಜೆ: ಫೋಟೊ ಮತ್ತು ದಾಖಲೆ

ಇಡೀ ಗಿಡ ಸುತ್ತಲಿನ ನೆಲದ ಜೊತೆ ಕಾಣುವ ಫೋಟೊ ಒಂದು ಬೇಕು. ಆಮೇಲೆ ಹಳೆಯ ಕಾಂಡದ ಮುಳ್ಳು, ಎಲೆ, ನಾಣ್ಯದ ಪಕ್ಕದಲ್ಲಿ ಹೂ, ಮತ್ತು ಪಕ್ಕದಿಂದ ತೆಗೆದ ಹೂಬಟ್ಟಲು. ಜನ ಸಾಮಾನ್ಯವಾಗಿ ಹೂವನ್ನು ಎದುರಿನಿಂದ ಮಾತ್ರ ತೆಗೆಯುತ್ತಾರೆ. ಪರಿಶೀಲಿಸುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ, ಹಸಿರು ಬಟ್ಟಲು ಕಾಣುವ ಪಕ್ಕದ ನೋಟವೇ ಬೇಕು. ಗಾಳಿಯಲ್ಲಿ ರೆಂಬೆ ಅಲ್ಲಾಡುತ್ತಿದ್ದರೆ ಅಂಗೈಯನ್ನು ಹಿಂದೆ ಅಡ್ಡ ಹಿಡಿಯಿರಿ, ಫೋಕಸ್ ಕೂಡ ಸರಿಯಾಗಿ ಕೂರುತ್ತದೆ.

ಜಾಗವನ್ನು ಗ್ರಿಡ್ ರೆಫರೆನ್ಸ್‌ನಲ್ಲಿ, ಅಂದರೆ ಭೂಪಟದ ಚೌಕವನ್ನು ಹೇಳುವ ಅಕ್ಷರ, ಅಂಕಿಗಳಲ್ಲಿ, ಬರೆದುಕೊಳ್ಳಿ. ಓಎಸ್ ಲೊಕೇಟ್ ಎಂಬ ಆ್ಯಪ್ ಅದನ್ನು ನೇರವಾಗಿ ತೋರಿಸುತ್ತದೆ. ಎರಡು ಅಕ್ಷರ ಮತ್ತು ಆರು ಅಂಕಿ ಇದ್ದರೆ 100 ಮೀಟರ್ ಚೌಕ, ಎಂಟು ಅಂಕಿ ಇದ್ದರೆ 10 ಮೀಟರ್ ಚೌಕ. ಮೊಣಕಾಲೆತ್ತರದ ಗಿಡಕ್ಕೆ ಎಂಟು ಅಂಕಿಯೇ ಬೇಕು, ಇಲ್ಲದಿದ್ದರೆ ಮುಂದಿನ ವರ್ಷ ನೀವೇ ಹೋದರೂ ಸಿಗುವುದಿಲ್ಲ. ಎಷ್ಟು ಗಿಡಗಳಿವೆ ಎಂದು ಎಣಿಸಿ. ಹತ್ತಿರ ಹತ್ತಿರ ಇರುವ ಕಡ್ಡಿಗಳು ಒಂದೇ ಗಿಡದ್ದೋ ಬೇರೆಯದೋ ತಿಳಿಯದಿದ್ದರೆ ಹರಡಿರುವ ಜಾಗವನ್ನು ಹೆಜ್ಜೆಯಲ್ಲಿ ಅಳೆದು ಬರೆಯಿರಿ. ಹುಲ್ಲಿನ ಎತ್ತರ, ಮೇದ ಗುರುತು, ಮೇಲೆ ನೆರಳು ಬೀಳುತ್ತಿದೆಯೇ, ಪಕ್ಕದಲ್ಲಿ ಪೈನ್ ಸಸಿಗಳು ಎದ್ದಿವೆಯೇ, ಇವನ್ನೂ ಒಂದೆರಡು ಸಾಲಿನಲ್ಲಿ ಸೇರಿಸಿ.

ಬ್ರಿಟನ್ನಿನಲ್ಲಿ ಇದನ್ನು ಐರೆಕಾರ್ಡ್ ಎಂಬ ಜೀವಿದಾಖಲೆಯ ಜಾಲತಾಣಕ್ಕೆ ಏರಿಸುವುದು ಒಳ್ಳೆಯದು, ಅಲ್ಲಿ ತಿಳಿದವರು ಪರಿಶೀಲಿಸುತ್ತಾರೆ. ಗಿಡ, ಪ್ರಾಣಿಗಳನ್ನು ಗುರುತಿಸಿ ದಾಖಲಿಸುವ ಐನ್ಯಾಚುರಲಿಸ್ಟ್ ಆ್ಯಪ್ ಬಳಸುವ ಅಭ್ಯಾಸ ಇದ್ದರೆ ಅದೂ ಆಗುತ್ತದೆ, ಆದರೆ ಆ್ಯಪ್ ತಾನಾಗಿ ಸೂಚಿಸಿದ ಹೆಸರನ್ನು ಕಣ್ಣುಮುಚ್ಚಿ ಒಪ್ಪಬೇಡಿ. ಹಳದಿ ಬಟಾಣಿ ಹೂವಿನ ಫೋಟೊ ಕಂಡರೆ ಅದು ಗಾರ್ಸ್ ಅಥವಾ ಬ್ರೂಮ್ ಅನ್ನುವ ಕಡೆಗೇ ಜಾರಬಹುದು. ಎಲೆ, ಮುಳ್ಳು, ಬಟ್ಟಲು ನೋಡಿ ನೀವೇ ತೀರ್ಮಾನಿಸಿದ ಹೆಸರನ್ನು ಹಾಕಿ, ಕಾರಣವನ್ನೂ ಬರೆಯಿರಿ. ಬಿಎಸ್‌ಬಿಐ, ಅಂದರೆ ಬ್ರಿಟನ್ ಮತ್ತು ಐರ್ಲೆಂಡಿನ ಸಸ್ಯಶಾಸ್ತ್ರ ಸಂಘ, ಪ್ರತಿಯೊಂದು ವೈಸ್ ಕೌಂಟಿಗೂ, ಅಂದರೆ ದಾಖಲೆಗೆಂದೇ ಗೊತ್ತುಮಾಡಿದ ಪ್ರದೇಶಕ್ಕೂ, ಸ್ವಯಂಸೇವಕ ದಾಖಲೆಗಾರರನ್ನು ಇಟ್ಟಿದೆ. ನ್ಯೂ ಫಾರೆಸ್ಟ್ ಬಹುಪಾಲು ಬರುವುದು 11ನೆಯ ವೈಸ್ ಕೌಂಟಿ ದಕ್ಷಿಣ ಹ್ಯಾಂಪ್‌ಶೈರ್‌ನಲ್ಲಿ. 2023ರಲ್ಲಿ ಹೊರಬಂದ, ಯಾವ ಗಿಡ ಎಲ್ಲಿದೆ ಎಂದು ತೋರಿಸುವ ಪ್ಲಾಂಟ್ ಅಟ್ಲಾಸ್ 2020 ಇಂಥ ಸ್ವಯಂಸೇವಕರು ಚೌಕ ಚೌಕವಾಗಿ ನಡೆದು ಕೂಡಿಸಿದ ದಾಖಲೆಗಳಿಂದಲೇ ಆದದ್ದು.

ಹಳೆಯ ದಾಖಲೆ ಇರುವ ಜಾಗಕ್ಕೆ ಹೋಗಿ ಹುಡುಕಿಯೂ ಗಿಡ ಸಿಗದಿದ್ದರೆ ಅದನ್ನೂ ದಾಖಲೆಗಾರರಿಗೆ ಬರೆಯಿರಿ: ಯಾವ ದಿನ, ಯಾವ ಚೌಕ, ಎಷ್ಟು ಹೊತ್ತು ಹುಡುಕಿದಿರಿ, ಈಗ ಅಲ್ಲಿ ಏನು ಬೆಳೆದಿದೆ ಎಂದು. ಹೂವಿನ ಕಾಲದಲ್ಲಿ ಹೋಗಿ ಬಂದ "ಸಿಗಲಿಲ್ಲ" ಎಂಬ ವರದಿಯೂ ಆ ಬಯಲನ್ನು ನೋಡಿಕೊಳ್ಳುವವರಿಗೆ ಎಲ್ಲಿ ಪೈನ್ ಸಸಿ ಕೀಳಬೇಕು, ಎಲ್ಲಿಗೆ ದನ ಬಿಡಬೇಕು ಎಂದು ತೀರ್ಮಾನಿಸಲು ಒದಗುತ್ತದೆ.